ಮಕ್ಕಳಲ್ಲಿ ಬೆಕ್ಕಿನ ಪರಚು ರೋಗ ಮತ್ತು ಅದರಿಂದ ಉಂಟಾಗುವ ನರಸಂಬಂಧಿ ತೊಡಕುಗಳು: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಮನೆಯಲ್ಲಿ ಸಾಕಿದ ಬೆಕ್ಕು ಅಥವಾ ಬೀದಿಯಿಂದ ತಂದ ಬೆಕ್ಕಿನ ಮರಿ ಮಕ್ಕಳನ್ನು ಪರಚುವುದು ಸಾಮಾನ್ಯ ಸಂಗತಿ. ಬಹುಪಾಲು ಸಂದರ್ಭಗಳಲ್ಲಿ ಇಂತಹ ಗೀರು ನಾಲ್ಕಾರು ದಿನಗಳಲ್ಲಿ ಮಾಯುತ್ತದೆ ಮತ್ತು ಪೋಷಕರು ಅದನ್ನು ಮರೆತುಬಿಡುತ್ತಾರೆ. ಆದರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ನಂತರ ಕಂಕುಳಲ್ಲಿ ಅಥವಾ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಳ್ಳುತ್ತದೆ. ಅವರ ಪೈಕಿ ಅತ್ಯಲ್ಪ ಸಂಖ್ಯೆಯ ಮಕ್ಕಳಲ್ಲಿ ಹಠಾತ್ತನೆ ಫಿಟ್ಸ್, ಪ್ರಜ್ಞೆ ತಪ್ಪುವಿಕೆ, ದೃಷ್ಟಿ ಮಂದವಾಗುವಿಕೆ ಮುಂತಾದ ನರಸಂಬಂಧಿ ತೊಡಕುಗಳು ಉಂಟಾಗುತ್ತವೆ. ಆ ವೇಳೆಗೆ ಗೀರಿನ ಗುರುತು ಸಹ ಉಳಿದಿರುವುದಿಲ್ಲವಾದ್ದರಿಂದ, ಮಗುವಿನ ಕಾಯಿಲೆಗೂ ಬೆಕ್ಕಿಗೂ ಇರುವ ಸಂಬಂಧವು ಪೋಷಕರ ಗಮನಕ್ಕೆ ಬರುವುದಿಲ್ಲ ಮತ್ತು ಅವರು ಅದನ್ನು ವೈದ್ಯರಿಗೆ ತಿಳಿಸುವುದಿಲ್ಲ.

ಈ ಹಿನ್ನೆಲೆಯಲ್ಲಿ, ಸದರಿ ರೋಗದ ಸ್ವರೂಪ, ಅಪಾಯದ ಲಕ್ಷಣಗಳು, ತಪಾಸಣೆ, ಚಿಕಿತ್ಸೆ ಹಾಗೂ ಆಸ್ಪತ್ರೆ ಸೇವೆಗಳನ್ನು ಪಡೆಯುವಾಗ ನೀಡಬೇಕಾದ ವಿವರಗಳ ಬಗ್ಗೆ ನಾಗರಿಕರಿಗೆ ತಿಳಿವಳಿಕೆ ನೀಡುವ ಉದ್ದೇಶದಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

2. ರೋಗದ ಸ್ವರೂಪ ಮತ್ತು ಕಾರಣ

ಇಂಗ್ಲಿಷಿನಲ್ಲಿ ಕ್ಯಾಟ್ ಸ್ಕ್ರ್ಯಾಚ್ ಡಿಸೀಸ್ ಎಂದು ಕರೆಯಲಾಗುವ ಈ ರೋಗವನ್ನು ಪ್ಯಾರಿಸ್ ನಗರದ ಮಕ್ಕಳ ತಜ್ಞರಾದ ರಾಬರ್ಟ್ ಡೆಬ್ರೆ ಮತ್ತು ಅವರ ಸಹೋದ್ಯೋಗಿಗಳು 1950ರಲ್ಲಿ ವೈದ್ಯಕೀಯವಾಗಿ ವಿವರಿಸಿದರು. ಆದರೆ ರೋಗಕಾರಕ ಯಾವುದೆಂಬುದು ಹಲವು ದಶಕಗಳ ಕಾಲ ನಿರ್ಧಾರವಾಗಿರಲಿಲ್ಲ. 1983ರಲ್ಲಿ ರೋಗಿಗಳ ದುಗ್ಧಗ್ರಂಥಿಗಳಲ್ಲಿ ಸೂಕ್ಷ್ಮ ಬ್ಯಾಕ್ಟೀರಿಯಾಗಳು ಕಂಡುಬಂದವು. 1992ರಲ್ಲಿ ಹೆನ್ಸೆಲೆ ಎಂಬ ಹೆಸರು ಪಡೆದ ಬ್ಯಾಕ್ಟೀರಿಯಾವೇ ಈ ರೋಗಕ್ಕೆ ಮುಖ್ಯ ಕಾರಣವೆಂಬುದು ನಂತರ ದೃಢಪಟ್ಟಿತು. ಇದನ್ನು ಈಗ ಬಾರ್ಟೊನೆಲ್ಲಾ ಹೆನ್ಸೆಲೆ ಎಂದು ಕರೆಯಲಾಗುತ್ತದೆ.

ರೋಗ ಹರಡುವ ಕ್ರಮ ಈ ಕೆಳಕಂಡಂತಿದೆ:

ಅ) ಬೆಕ್ಕಿನ ಮೈಮೇಲಿನ ಚಿಗಟಗಳು ಈ ಬ್ಯಾಕ್ಟೀರಿಯಾವನ್ನು ಒಂದು ಬೆಕ್ಕಿನಿಂದ ಮತ್ತೊಂದು ಬೆಕ್ಕಿಗೆ ಸಾಗಿಸುತ್ತವೆ.

ಆ) ಚಿಗಟದ ಹಿಕ್ಕೆಯು ಬೆಕ್ಕಿನ ರೋಮದಲ್ಲಿ ಉಳಿಯುತ್ತದೆ. ಬೆಕ್ಕು ಮೈ ಕೆರೆದುಕೊಂಡಾಗ ಅದು ಉಗುರಿನ ಸಂದಿಗೆ ಸೇರುತ್ತದೆ.

ಇ) ಅಂತಹ ಉಗುರಿನಿಂದ ಪರಚಿದಾಗ ಬ್ಯಾಕ್ಟೀರಿಯಾವು ಮನುಷ್ಯನ ಚರ್ಮದೊಳಗೆ ಪ್ರವೇಶಿಸುತ್ತದೆ. ಬೆಕ್ಕು ಕಚ್ಚುವುದರಿಂದಲೂ, ತೆರೆದ ಗಾಯವನ್ನು ನೆಕ್ಕುವುದರಿಂದಲೂ ಸೋಂಕು ತಗಲಬಹುದು.

ಸೋಂಕಿರುವ ಬೆಕ್ಕು ಸಾಮಾನ್ಯವಾಗಿ ಯಾವುದೇ ಕಾಯಿಲೆಯ ಲಕ್ಷಣವನ್ನು ತೋರಿಸುವುದಿಲ್ಲ. ಆದ್ದರಿಂದ "ನಮ್ಮ ಬೆಕ್ಕು ಆರೋಗ್ಯವಾಗಿದೆ" ಎಂಬ ಕಾರಣಕ್ಕೆ ರೋಗದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಒಂದು ವರ್ಷದೊಳಗಿನ ಮರಿಗಳಲ್ಲಿ ಸೋಂಕು ಹೆಚ್ಚಾಗಿರುತ್ತದೆ. ಮರಿಗಳು ಆಟವಾಡುವಾಗ ಹೆಚ್ಚು ಪರಚುತ್ತವೆ ಮತ್ತು ಮಕ್ಕಳು ಮರಿಗಳೊಂದಿಗೇ ಹೆಚ್ಚು ಆಡುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನದ 2005ರಿಂದ 2013ರವರೆಗಿನ ದಾಖಲೆಗಳನ್ನು ಆಧರಿಸಿ 2016ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಆ ದೇಶದಲ್ಲಿ ವರ್ಷಕ್ಕೆ ಸುಮಾರು 12,000 ಮಂದಿಗೆ ಈ ರೋಗವಿರುವುದು ಹೊರರೋಗಿ ವಿಭಾಗಗಳಲ್ಲಿ ಪತ್ತೆಯಾಗುತ್ತಿತ್ತು ಹಾಗೂ ಸುಮಾರು 500 ಮಂದಿ ಆಸ್ಪತ್ರೆಗೆ ದಾಖಲಾಗುತ್ತಿದ್ದರು. 5ರಿಂದ 9 ವರ್ಷ ವಯಸ್ಸಿನ ಮಕ್ಕಳಲ್ಲಿ ಪ್ರಮಾಣ ಅತಿ ಹೆಚ್ಚಾಗಿದ್ದು, ಲಕ್ಷಕ್ಕೆ 9.4ರಷ್ಟಿತ್ತು.

ಈ ರೋಗವು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.

3. ರೋಗದ ಸಾಮಾನ್ಯ ಹಂತಗಳು

ಅ) ಮೊದಲನೆಯ ಹಂತ: ಪರಚಿದ 3ರಿಂದ 10 ದಿನಗಳಲ್ಲಿ ಗಾಯವಾದ ಜಾಗದಲ್ಲಿ ಸಣ್ಣ ಕೆಂಪು ಗುಳ್ಳೆ ಏಳುತ್ತದೆ. ಇದನ್ನು ಸೊಳ್ಳೆ ಅಥವಾ ಕೀಟದ ಕಡಿತವೆಂದು ಭಾವಿಸುವುದೇ ಹೆಚ್ಚು.

ಆ) ಎರಡನೆಯ ಹಂತ: ನಂತರದ ಒಂದರಿಂದ ಮೂರು ವಾರಗಳಲ್ಲಿ ಗಾಯಕ್ಕೆ ಸಮೀಪದ ದುಗ್ಧಗ್ರಂಥಿ ಊದಿಕೊಳ್ಳುತ್ತದೆ. ಕೈಗೆ ಪರಚಿದ್ದರೆ ಕಂಕುಳಲ್ಲಿ ಅಥವಾ ಮೊಣಕೈಯ ಒಳಬದಿಯಲ್ಲಿ, ಮುಖಕ್ಕೆ ಪರಚಿದ್ದರೆ ಕುತ್ತಿಗೆಯಲ್ಲಿ ಅಥವಾ ದವಡೆಯ ಕೆಳಗೆ, ಕಾಲಿಗೆ ಪರಚಿದ್ದರೆ ತೊಡೆಸಂದಿನಲ್ಲಿ ಗಂಟು ಕಾಣುತ್ತದೆ. ಮುಟ್ಟಿದರೆ ನೋವಿರುತ್ತದೆ. ಲಘು ಜ್ವರ, ಆಯಾಸ, ತಲೆನೋವು ಹಾಗೂ ಊಟ ಸೇರದಿರುವಿಕೆ ಇರಬಹುದು.

ಇ) ಮೂರನೆಯ ಹಂತ: ಬಹುಪಾಲು ಮಕ್ಕಳಲ್ಲಿ ಗಂಟು ಎರಡರಿಂದ ನಾಲ್ಕು ತಿಂಗಳ ಅವಧಿಯಲ್ಲಿ ತಾನಾಗಿಯೇ ಕರಗುತ್ತದೆ. ಕೆಲವರಲ್ಲಿ ಕೀವು ತುಂಬುತ್ತದೆ.

ನರಸಂಬಂಧಿ ತೊಡಕುಗಳು ಉಂಟಾಗುವುದಿದ್ದಲ್ಲಿ ಸಾಮಾನ್ಯವಾಗಿ ಗಂಟು ಕಾಣಿಸಿಕೊಂಡ ಒಂದರಿಂದ ಆರು ವಾರಗಳೊಳಗೆ, ವಿಶೇಷವಾಗಿ ಎರಡು ಮೂರು ವಾರಗಳ ನಂತರ ಉಂಟಾಗುತ್ತವೆ. ಅಂದರೆ ಬೆಕ್ಕು ಪರಚಿದ ದಿನಕ್ಕೂ ಫಿಟ್ಸ್ ಬಂದ ದಿನಕ್ಕೂ ಒಂದು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಅಂತರವಿರಬಹುದು. ಪೋಷಕರು ಈ ಅಂತರವನ್ನು ನೆನಪಿನಲ್ಲಿಡತಕ್ಕದ್ದು.

4. ನರಸಂಬಂಧಿ ತೊಡಕುಗಳು

ಈ ತೊಡಕುಗಳು ಅಪರೂಪವಾಗಿದ್ದು, ರೋಗಿಗಳ ಪೈಕಿ ಶೇಕಡಾ ಕೆಲವರಲ್ಲಿ ಮಾತ್ರ ಕಂಡುಬರುತ್ತವೆ. ಅವುಗಳನ್ನು ಈ ಕೆಳಗಿನಂತೆ ವಿಂಗಡಿಸಬಹುದು.

4.1 ಮೆದುಳಿನ ಕಾರ್ಯದಲ್ಲಿ ಏರುಪೇರು

ವೈದ್ಯರು ಎನ್‌ಸೆಫಲೋಪತಿ ಎಂದು ಕರೆಯುವ ಈ ತೊಡಕು ನರಸಂಬಂಧಿ ತೊಡಕುಗಳಲ್ಲೇ ಹೆಚ್ಚು ಸಾಮಾನ್ಯವಾದುದು. ಚೇತರಿಸಿಕೊಳ್ಳುತ್ತಿದ್ದಂತೆ ಕಾಣುವ ಮಗುವಿಗೆ ಹಠಾತ್ತನೆ ತಲೆನೋವು, ಗೊಂದಲ, ಮಂಪರು ಅಥವಾ ಫಿಟ್ಸ್ ಬರುತ್ತದೆ. ಕೆಲವು ಮಕ್ಕಳು ತಂದೆತಾಯಿಯರ ಗುರುತು ಹಿಡಿಯುವುದಿಲ್ಲ. ಹಿಡಿಯಲು ಹೋದವರನ್ನು ಹೊಡೆಯುವುದು, ಒದೆಯುವುದು, ಕಿರುಚಾಡುವುದು ಮಾಡುತ್ತಾರೆ. ಇದು ಮೆದುಳಿನ ತೊಂದರೆಯ ಲಕ್ಷಣವೇ ಹೊರತು ಮಗುವಿನ ಹಠವಾಗಲಿ, ಗಾಳಿ ಸೋಕಿದ್ದಾಗಲಿ ಅಲ್ಲ. ತೀವ್ರ ಸಂದರ್ಭಗಳಲ್ಲಿ ಫಿಟ್ಸ್ ನಿಲ್ಲದೆ ಮುಂದುವರಿಯಬಹುದು ಅಥವಾ ಮಗು ಕೋಮಾ ಸ್ಥಿತಿಗೆ ಹೋಗಬಹುದು.

ಅಮೆರಿಕದ ಇಬ್ಬರು ವೈದ್ಯರಾದ ಕ್ಯಾರಿದರ್ಸ್ ಮತ್ತು ಮಾರ್ಗಿಲೆತ್ ಅವರು 1991ರಲ್ಲಿ ನರಸಂಬಂಧಿ ತೊಡಕುಗಳಿದ್ದ 76 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಅವರಲ್ಲಿ 61 ಮಂದಿಗೆ ಮೆದುಳಿನ ತೊಡಕು ಹಾಗೂ 15 ಮಂದಿಗೆ ನರಗಳ ತೊಡಕು ಇದ್ದಿತು. ಶೇಕಡಾ 46ರಷ್ಟು ಮಂದಿಗೆ ಫಿಟ್ಸ್ ಬಂದಿದ್ದರೆ, ಶೇಕಡಾ 40ರಷ್ಟು ಮಂದಿ ಹೊಡೆದಾಡುವ ವರ್ತನೆ ತೋರಿದ್ದರು. ಅರ್ಧದಷ್ಟು ರೋಗಿಗಳಿಗೆ ಜ್ವರವೇ ಇರಲಿಲ್ಲ. ಆದ್ದರಿಂದ ಜ್ವರವಿಲ್ಲವೆಂಬ ಕಾರಣಕ್ಕೆ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು. ಶೇಕಡಾ 78ರಷ್ಟು ರೋಗಿಗಳು 1ರಿಂದ 12 ವಾರಗಳಲ್ಲಿ ಹಾಗೂ ಉಳಿದವರು ಒಂದು ವರ್ಷದೊಳಗೆ ಚೇತರಿಸಿಕೊಂಡರು ಎಂಬುದು ಇಲ್ಲಿ ಗಮನಾರ್ಹ.

4.2 ಫ್ಲಾರಿಡಾದ ಪ್ರಕರಣಗಳು

1994ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ಸುಮಾರು ಆರು ವಾರಗಳ ಅವಧಿಯೊಳಗೆ, ಅಮೆರಿಕದ ದಕ್ಷಿಣ ಫ್ಲಾರಿಡಾದಲ್ಲಿ ಐವರು ಮಕ್ಕಳು ಮೆದುಳಿನ ತೊಂದರೆಯಿಂದ ಆಸ್ಪತ್ರೆಗೆ ದಾಖಲಾದರು. ಅದುವರೆಗೆ ಆರೋಗ್ಯವಾಗಿದ್ದ ಆ ಶಾಲಾ ವಯಸ್ಸಿನ ಮಕ್ಕಳಿಗೆ ನಿಲ್ಲದ ಫಿಟ್ಸ್ ಬಂದಿದ್ದಿತು. ವಿಚಾರಣೆಯಿಂದ ಅವರಿಗೆ ಬೆಕ್ಕುಗಳ ಸಂಪರ್ಕವಿದ್ದುದು ತಿಳಿದುಬಂದಿತು. ರಕ್ತಪರೀಕ್ಷೆಯಿಂದ ಬಾರ್ಟೊನೆಲ್ಲಾ ಸೋಂಕು ಗೊತ್ತಾಯಿತು. ಐವರೂ ಗುಣಮುಖರಾದರು.

ಈ ಪ್ರಕರಣಗಳಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಕಾಯಿಲೆಯ ಆರಂಭ ಎಷ್ಟೇ ಭೀಕರವಾಗಿದ್ದರೂ ಸಕಾಲದಲ್ಲಿ ಆಸ್ಪತ್ರೆಯ ಆರೈಕೆ ದೊರೆತಲ್ಲಿ ಪೂರ್ಣ ಚೇತರಿಕೆ ಸಾಧ್ಯ. ಎರಡನೆಯದು, ಪ್ರಾಣಿಗಳ ಸಂಪರ್ಕದ ಬಗ್ಗೆ ವಿಚಾರಿಸದಿದ್ದಲ್ಲಿ ರೋಗದ ಕಾರಣ ಪತ್ತೆಯಾಗುವುದು ಕಷ್ಟ.

4.3 ಕಣ್ಣಿನ ತೊಡಕು

ದೃಷ್ಟಿ ನರ ಮತ್ತು ಅಕ್ಷಿಪಟಲದಲ್ಲಿ ಉರಿಯೂತ ಉಂಟಾಗಿ ಸಾಮಾನ್ಯವಾಗಿ ಒಂದು ಕಣ್ಣಿನ ದೃಷ್ಟಿ, ನೋವಿಲ್ಲದೆಯೇ, ಮಂದವಾಗುತ್ತದೆ. ಕಣ್ಣಿನ ತಜ್ಞರು ಪರೀಕ್ಷಿಸಿದಾಗ ಅಕ್ಷಿಪಟಲದಲ್ಲಿ ನಕ್ಷತ್ರಾಕಾರದ ಗುರುತು ಕಾಣಬಹುದು. ಚಿಕ್ಕ ಮಕ್ಕಳು ಒಂದು ಕಣ್ಣು ಕಾಣಿಸದಿರುವುದನ್ನು ತಾವಾಗಿ ಹೇಳುವುದಿಲ್ಲ. ಪುಸ್ತಕವನ್ನು ಓರೆಯಾಗಿ ಹಿಡಿಯುವುದು, ವಸ್ತುಗಳಿಗೆ ಡಿಕ್ಕಿ ಹೊಡೆಯುವುದು ಕಂಡುಬಂದಲ್ಲಿ ಒಂದೊಂದು ಕಣ್ಣನ್ನೂ ಪ್ರತ್ಯೇಕವಾಗಿ ಮುಚ್ಚಿ ಪರೀಕ್ಷಿಸಿ ನೋಡುವುದು ಸೂಕ್ತ.

4.4 ಇತರೆ ತೊಡಕುಗಳು

ಮುಖದ ನರ ದುರ್ಬಲವಾಗಿ ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ನಡಿಗೆಯಲ್ಲಿ ಸಮತೋಲನ ತಪ್ಪುವುದು, ಬೆನ್ನುಹುರಿಯ ಉರಿಯೂತದಿಂದ ಕಾಲುಗಳಲ್ಲಿ ಶಕ್ತಿ ಕುಂದುವುದು ಮತ್ತು ಕೈಕಾಲುಗಳ ನರಗಳ ಉರಿಯೂತ ಅಪರೂಪವಾಗಿ ವರದಿಯಾಗಿವೆ.

5. ರೇಬೀಸ್ ಬಗ್ಗೆ ವಿಶೇಷ ಎಚ್ಚರಿಕೆ

ನಮ್ಮ ದೇಶದಲ್ಲಿ ರೇಬೀಸ್ ರೋಗವಿರುವುದರಿಂದ ಬೆಕ್ಕು ಪರಚಿದ ಅಥವಾ ಕಚ್ಚಿದ ಪ್ರತಿಯೊಂದು ಪ್ರಕರಣವನ್ನೂ ಮೊದಲು ರೇಬೀಸ್ ದೃಷ್ಟಿಯಿಂದ ಪರಿಶೀಲಿಸುವುದು ಅವಶ್ಯಕ. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬೆಕ್ಕಿನ ಪರಚು ರೋಗವು ಬಹುತೇಕ ಗುಣವಾಗುವಂತಹುದು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ನಂತರ ಹೆಚ್ಚುಕಡಿಮೆ ಯಾವಾಗಲೂ ಮಾರಣಾಂತಿಕ. ಆದ್ದರಿಂದ ಈ ಕೆಳಕಂಡ ಕ್ರಮಗಳನ್ನು ಅದೇ ದಿನ ಕೈಗೊಳ್ಳತಕ್ಕದ್ದು:

ಅ) ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷಗಳ ಕಾಲ ತೊಳೆಯುವುದು.

ಆ) ಗಾಯಕ್ಕೆ ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಮುಂತಾದವನ್ನು ಹಚ್ಚದಿರುವುದು.

ಇ) ಸಮೀಪದ ಸರ್ಕಾರಿ ಆಸ್ಪತ್ರೆಗೆ ತೆರಳಿ ವೈದ್ಯರ ಸಲಹೆಯಂತೆ ರೇಬೀಸ್ ನಿರೋಧಕ ಲಸಿಕೆ ಪಡೆಯುವುದು. ರಕ್ತ ಒಸರದ ಸಣ್ಣ ಗೀರಿಗೂ ಲಸಿಕೆ ಅಗತ್ಯ. ರಕ್ತ ಬಂದಿದ್ದಲ್ಲಿ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಸಹ ನೀಡಬೇಕಾಗುತ್ತದೆ.

ಈ) ಚರ್ಮದೊಳಗೆ ನೀಡುವ ಲಸಿಕೆಯನ್ನು 0, 3, 7 ಮತ್ತು 28ನೇ ದಿನಗಳಂದು ನೀಡಲಾಗುತ್ತದೆ. ವೈದ್ಯರು ನಿಗದಿಪಡಿಸಿದ ಯಾವುದೇ ಸರದಿಯನ್ನು ತಪ್ಪಿಸಬಾರದು.

ಬೆಕ್ಕು ಪರಚಿದ ಕೆಲವು ವಾರಗಳ ನಂತರ ಮಗು ವಿಚಿತ್ರವಾಗಿ ವರ್ತಿಸಲಾರಂಭಿಸಿದಲ್ಲಿ ಕುಟುಂಬದವರು ಅದು ರೇಬೀಸ್ ಎಂದೇ ತೀರ್ಮಾನಿಸಿ ಆಸೆ ಬಿಡುವ ಸಂಭವವಿದೆ. ಹೊಡೆದಾಡುವ ವರ್ತನೆ ಮತ್ತು ಗೊಂದಲವು ಬೆಕ್ಕಿನ ಪರಚು ರೋಗದಲ್ಲಿಯೂ ಇರುತ್ತದೆ ಹಾಗೂ ಅದು ಗುಣವಾಗುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ನೆರೆಹೊರೆಯವರಲ್ಲ. ಆದುದರಿಂದ ಯಾವುದೇ ಕಾರಣಕ್ಕೂ ಮಗುವನ್ನು ಮನೆಯಲ್ಲಿಯೇ ಇಟ್ಟುಕೊಳ್ಳದೆ ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಲು ಕೋರಲಾಗಿದೆ.

6. ಮಗುವಿಗೆ ಫಿಟ್ಸ್ ಬಂದಾಗ ಅನುಸರಿಸಬೇಕಾದ ಕ್ರಮ

ಅ) ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಬಳಿಯ ಬಟ್ಟೆಯನ್ನು ಸಡಿಲಿಸುವುದು.

ಆ) ಬಾಯಿಗೆ ಚಮಚ, ಬೆರಳು, ನೀರು, ಔಷಧ ಯಾವುದನ್ನೂ ಹಾಕದಿರುವುದು.

ಇ) ಕೈಗೆ ಕಬ್ಬಿಣ ಅಥವಾ ಬೀಗದ ಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಇದರಿಂದ ಸಮಯ ವ್ಯರ್ಥವಾಗುತ್ತದೆ.

ಈ) ಕೈಕಾಲುಗಳನ್ನು ಬಲವಂತವಾಗಿ ಅದುಮಿ ಹಿಡಿಯದಿರುವುದು.

ಉ) ಗಡಿಯಾರ ನೋಡಿ ಫಿಟ್ಸ್ ಆರಂಭವಾದ ವೇಳೆಯನ್ನು ಗುರುತಿಸಿಕೊಳ್ಳುವುದು. ಐದು ನಿಮಿಷ ಮೀರಿದಲ್ಲಿ, ಮರುಕಳಿಸಿದಲ್ಲಿ ಅಥವಾ ನಂತರ ಪ್ರಜ್ಞೆ ಬಾರದಿದ್ದಲ್ಲಿ ತಡಮಾಡದೆ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಪಡೆಯುವುದು. ಮೊದಲ ಬಾರಿಗೆ ಫಿಟ್ಸ್ ಬಂದ ಪ್ರತಿಯೊಂದು ಮಗುವನ್ನೂ, ಫಿಟ್ಸ್ ಬೇಗನೆ ನಿಂತರೂ ಸಹ, ವೈದ್ಯರಿಗೆ ತೋರಿಸತಕ್ಕದ್ದು.

7. ತಪಾಸಣೆ

ಈ ರೋಗವನ್ನು ಖಚಿತಪಡಿಸಲು ಮುಖ್ಯವಾಗಿ ರಕ್ತದಲ್ಲಿನ ಪ್ರತಿಕಾಯಗಳ ಪರೀಕ್ಷೆಯನ್ನು ನಡೆಸಲಾಗುತ್ತದೆ. ಮೊದಲ ಪರೀಕ್ಷೆಯ ಫಲಿತಾಂಶ ಅಸ್ಪಷ್ಟವಾಗಿದ್ದಲ್ಲಿ ಎರಡು ವಾರಗಳ ಅಂತರದಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕಾಗಬಹುದು. ಗಂಟಿನಿಂದ ಸೂಜಿಯ ಮೂಲಕ ತೆಗೆದ ಮಾದರಿಯಲ್ಲಿ ಪಿ.ಸಿ.ಆರ್. ವಿಧಾನದಿಂದ ಬ್ಯಾಕ್ಟೀರಿಯಾದ ಅಂಶವನ್ನು ಪತ್ತೆ ಮಾಡಬಹುದು. ಈ ಬ್ಯಾಕ್ಟೀರಿಯಾ ಅತಿ ನಿಧಾನವಾಗಿ ಬೆಳೆಯುವುದರಿಂದ ಕಲ್ಚರ್ ಪರೀಕ್ಷೆ ಅಷ್ಟಾಗಿ ಉಪಯುಕ್ತವಲ್ಲ.

ನರಸಂಬಂಧಿ ತೊಡಕಿದ್ದಾಗ ಮೆದುಳಿನ ಸ್ಕ್ಯಾನ್, ಇ.ಇ.ಜಿ. ಮತ್ತು ಬೆನ್ನುಹುರಿಯ ದ್ರವದ ಪರೀಕ್ಷೆ ನಡೆಸಲಾಗುತ್ತದೆ. ಸ್ಕ್ಯಾನ್ ಮತ್ತು ದ್ರವದ ಫಲಿತಾಂಶಗಳು ಹಲವು ಬಾರಿ ಸಹಜವಾಗಿರುತ್ತವೆ. ಹಾಗಿದ್ದರೂ ಇವು ಅನಗತ್ಯವಲ್ಲ. ಮೆದುಳು ಜ್ವರ, ಕ್ಷಯದ ಮೆದುಳು ಪೊರೆಯ ಉರಿಯೂತ ಮುಂತಾದ ಬೇರೆ ಗಂಭೀರ ಕಾರಣಗಳನ್ನು ಹೊರಗಿಡಲು ಇವು ಬೇಕೇ ಬೇಕು. ಬೆನ್ನಿನಿಂದ ನೀರು ತೆಗೆದರೆ ಮಗು ಊನವಾಗುತ್ತದೆ ಎಂಬ ಭಯದಿಂದ ಪೋಷಕರು ಒಪ್ಪಿಗೆ ನಿರಾಕರಿಸಬಾರದೆಂದು ವಿನಂತಿಸಲಾಗಿದೆ.

ನಮ್ಮಲ್ಲಿ ಮಕ್ಕಳ ಕುತ್ತಿಗೆಯ ಗಂಟಿಗೆ ಕ್ಷಯರೋಗವೂ ಒಂದು ಮುಖ್ಯ ಕಾರಣವಾಗಿದೆ. ಸೂಕ್ಷ್ಮದರ್ಶಕದಲ್ಲಿ ಎರಡೂ ರೋಗಗಳ ಗಂಟುಗಳು ಒಂದಕ್ಕೊಂದು ಹೋಲುವ ಸಾಧ್ಯತೆಯಿದೆ. ಆದ್ದರಿಂದ ಗಂಟಿನ ಪರೀಕ್ಷೆಗೆ ಹೋದಾಗಲೂ ಬೆಕ್ಕಿನ ಸಂಪರ್ಕದ ವಿವರವನ್ನು ತಿಳಿಸುವುದು ಅವಶ್ಯಕ.

8. ಚಿಕಿತ್ಸೆ

ತೊಡಕುಗಳಿಲ್ಲದ ಸಾಮಾನ್ಯ ರೋಗಕ್ಕೆ ಹಲವು ಬಾರಿ ಯಾವುದೇ ಔಷಧದ ಅಗತ್ಯವಿರುವುದಿಲ್ಲ. ಐದು ದಿನಗಳ ಅಜಿತ್ರೊಮೈಸಿನ್ ಔಷಧದಿಂದ ಮೊದಲ ತಿಂಗಳಲ್ಲಿ ಗಂಟು ಬೇಗ ಕುಗ್ಗುತ್ತದೆಂದು 1998ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಗಂಟಿನಲ್ಲಿ ಕೀವಿದ್ದಲ್ಲಿ ಸೂಜಿಯಿಂದ ಹೀರಿ ತೆಗೆಯಲಾಗುತ್ತದೆ. ಗಂಟನ್ನು ಕೊಯ್ಸಿದಲ್ಲಿ ಗಾಯ ಮಾಯದೆ ದೀರ್ಘಕಾಲ ಸೋರುವ ಸಂಭವವಿರುವುದರಿಂದ ಅನಧಿಕೃತ ವ್ಯಕ್ತಿಗಳಿಂದ ಕೊಯ್ಸಬಾರದು.

ನರಸಂಬಂಧಿ ತೊಡಕಿದ್ದ ಮಗುವನ್ನು ಆಸ್ಪತ್ರೆಯಲ್ಲಿ ದಾಖಲಿಸಿಕೊಂಡು ಮೊದಲು ಫಿಟ್ಸ್ ನಿಯಂತ್ರಿಸಲಾಗುತ್ತದೆ. ಉಸಿರಾಟ ಮತ್ತು ಪೋಷಣೆಯ ಮೇಲೆ ನಿಗಾ ಇಡಲಾಗುತ್ತದೆ. ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಜೊತೆಗೆ ರಿಫಾಂಪಿಸಿನ್ ಔಷಧವನ್ನು ವೈದ್ಯರು ನೀಡಬಹುದು. ಕಣ್ಣಿನ ತೊಡಕಿಗೆ ಚಿಕಿತ್ಸೆ ನಾಲ್ಕರಿಂದ ಆರು ವಾರಗಳವರೆಗೆ ನಡೆಯಬಹುದು. ಔಷಧದ ಆಯ್ಕೆ ಮಗುವಿನ ವಯಸ್ಸನ್ನು ಅವಲಂಬಿಸಿರುವುದರಿಂದ ಅಂಗಡಿಯಿಂದ ನೇರವಾಗಿ ಔಷಧ ಖರೀದಿಸಿ ಕೊಡಬಾರದು. ಮಗು ಮನೆಗೆ ಬಂದ ನಂತರವೂ ಫಿಟ್ಸ್ ಔಷಧವನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು.

9. ಆಸ್ಪತ್ರೆಯ ಸೇವೆ ಪಡೆಯುವಾಗ ನೀಡಬೇಕಾದ ವಿವರಗಳು

ಹೊರರೋಗಿ ವಿಭಾಗದಲ್ಲಿ ಅಥವಾ ತುರ್ತು ಚಿಕಿತ್ಸಾ ವಿಭಾಗದಲ್ಲಿ ಪೋಷಕರು ಕೆಳಕಂಡ ವಿವರಗಳನ್ನು, ವೈದ್ಯರು ಕೇಳದಿದ್ದರೂ ಸಹ, ತಾವಾಗಿಯೇ ತಿಳಿಸಲು ಕೋರಿದೆ:

1) ಕಳೆದ ಎರಡು ಮೂರು ತಿಂಗಳಲ್ಲಿ ಮನೆಯಲ್ಲಿ, ಅಜ್ಜಿಯ ಮನೆಯಲ್ಲಿ, ನೆರೆಮನೆಯಲ್ಲಿ ಅಥವಾ ಶಾಲೆಯ ಬಳಿ ಮಗು ಬೆಕ್ಕಿನೊಂದಿಗೆ ಆಡಿದೆಯೇ?

2) ಪರಚಿದ್ದರೆ ಅಂದಾಜು ದಿನಾಂಕ ಮತ್ತು ದೇಹದ ಯಾವ ಭಾಗಕ್ಕೆ ಎಂಬ ವಿವರ.

3) ಗಂಟು ಮೊದಲು ಕಾಣಿಸಿಕೊಂಡ ದಿನ ಹಾಗೂ ಈಗಾಗಲೇ ನೀಡಿರುವ ಔಷಧಗಳು.

4) ರೇಬೀಸ್ ಲಸಿಕೆ ಪಡೆದಿದ್ದಲ್ಲಿ ಅದರ ಚೀಟಿ.

5) ಹಿಂದಿನ ಆಸ್ಪತ್ರೆಯ ಚೀಟಿ, ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ವರದಿಗಳು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಸೌಲಭ್ಯ ಪಡೆಯಬಯಸುವವರು ಪಡಿತರ ಚೀಟಿ ಮತ್ತು ಆಧಾರ್ ಕಾರ್ಡುಗಳನ್ನು ಜೊತೆಯಲ್ಲಿ ತರುವುದು. ಮಗುವಿನ ಚಿಕಿತ್ಸೆಯು ಯೋಜನೆಯ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಲ್ಲಿ ವಿಚಾರಿಸಬಹುದು. ಫಿಟ್ಸ್ ಬರುತ್ತಿರುವ ಮಗುವನ್ನು ದಾಖಲೆಗಳನ್ನು ಹುಡುಕುವ ಸಲುವಾಗಿ ಮನೆಯಲ್ಲಿ ತಡೆದಿಡಬಾರದು. ದಾಖಲೆಗಳನ್ನು ಮನೆಯ ಬೇರೊಬ್ಬರು ನಂತರ ತರಬಹುದು.

10. ಮುಂಜಾಗ್ರತಾ ಕ್ರಮಗಳು

ಅ) ಐದು ವರ್ಷದೊಳಗಿನ ಮಕ್ಕಳನ್ನು ಬೆಕ್ಕಿನ ಮರಿಗಳೊಂದಿಗೆ ಒಂಟಿಯಾಗಿ ಬಿಡದಿರುವುದು; ಬಾಲ ಎಳೆಯುವುದು, ಕೆಣಕುವುದು ಮುಂತಾದ ಒರಟು ಆಟಗಳನ್ನು ತಪ್ಪಿಸುವುದು.

ಆ) ಬೆಕ್ಕನ್ನು ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯುವುದು.

ಇ) ಪಶುವೈದ್ಯರ ಸಲಹೆಯಂತೆ ಬೆಕ್ಕಿಗೆ ಚಿಗಟ ನಿವಾರಕ ಔಷಧ ಬಳಸುವುದು ಮತ್ತು ರೇಬೀಸ್ ಲಸಿಕೆ ಹಾಕಿಸುವುದು. ನಾಯಿಗಳಿಗೆಂದು ತಯಾರಿಸಿದ ಕೆಲವು ಚಿಗಟ ನಿವಾರಕಗಳು ಬೆಕ್ಕಿಗೆ ವಿಷಕಾರಿಯಾಗಿರುವುದರಿಂದ ಅವುಗಳನ್ನು ಬಳಸಬಾರದು.

ಈ) ಬೆಕ್ಕು ಮಲಗುವ ಚಾಪೆ, ಗೋಣಿಚೀಲ, ಹಾಸಿಗೆಗಳನ್ನು ಆಗಾಗ್ಗೆ ತೊಳೆದು ಬಿಸಿಲಿಗೆ ಒಣಗಿಸುವುದು.

ಉ) ಬೆಕ್ಕಿನ ಉಗುರಿನ ತುದಿಗಳನ್ನು ಕಾಲಕಾಲಕ್ಕೆ ಕತ್ತರಿಸುವುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಗುವಿಗೆ ಈ ರೋಗ ಬಂದಲ್ಲಿ ಬೆಕ್ಕನ್ನು ಹೊರಗೆ ಬಿಟ್ಟುಬರಬೇಕೇ?
ಉತ್ತರ: ಅಗತ್ಯವಿಲ್ಲ. ಚಿಗಟ ನಿಯಂತ್ರಣ ಮತ್ತು ಎಚ್ಚರಿಕೆ ಸಾಕು. ಬೆಕ್ಕನ್ನು ಬೇರೆ ಬೀದಿಯಲ್ಲಿ ಬಿಟ್ಟಲ್ಲಿ ಸೋಂಕು ಅಲ್ಲಿನ ಮಕ್ಕಳಿಗೆ ತಗಲಬಹುದು. ಅಲ್ಲದೆ ರೇಬೀಸ್ ದೃಷ್ಟಿಯಿಂದ ಪರಚಿದ ಬೆಕ್ಕಿನ ಮೇಲೆ ನಿಗಾ ಇಡುವುದು ಸಾಧ್ಯವಾಗುವುದಿಲ್ಲ.

ಪ್ರಶ್ನೆ: ಮಗುವನ್ನು ಶಾಲೆಗೆ ಕಳುಹಿಸಬಹುದೇ?
ಉತ್ತರ: ಕಳುಹಿಸಬಹುದು. ರೋಗವು ಇತರ ಮಕ್ಕಳಿಗೆ ಹರಡುವುದಿಲ್ಲ. ಫಿಟ್ಸ್ ಬಂದಿದ್ದ ಮಗುವಿನ ವಿಷಯವನ್ನು ತರಗತಿಯ ಶಿಕ್ಷಕರ ಗಮನಕ್ಕೆ ತರುವುದು ಒಳ್ಳೆಯದು.

ಪ್ರಶ್ನೆ: ಈ ರೋಗಕ್ಕೆ ಲಸಿಕೆ ಇದೆಯೇ?
ಉತ್ತರ: ಇಲ್ಲ. ರೇಬೀಸ್ ಲಸಿಕೆಯು ರೇಬೀಸ್‌ನಿಂದ ಮಾತ್ರ ರಕ್ಷಣೆ ನೀಡುತ್ತದೆ. ಆದ್ದರಿಂದ ಲಸಿಕೆ ಪಡೆದ ಮಗುವಿಗೂ ಗಂಟು, ತಲೆನೋವು ಅಥವಾ ಮಂಪರು ಕಾಣಿಸಿದಲ್ಲಿ ವೈದ್ಯರನ್ನು ಕಾಣುವುದು.

ಪ್ರಶ್ನೆ: ಒಮ್ಮೆ ಫಿಟ್ಸ್ ಬಂದರೆ ಮಗು ಜೀವನಪೂರ್ತಿ ಅಪಸ್ಮಾರದಿಂದ ನರಳುವುದೇ?
ಉತ್ತರ: ಬಹುಪಾಲು ಮಕ್ಕಳು ಪೂರ್ಣವಾಗಿ ಗುಣಮುಖರಾಗುತ್ತಾರೆ. ಅಪರೂಪವಾಗಿ ಕೆಲವರಿಗೆ ಹೆಚ್ಚು ಕಾಲದ ಚಿಕಿತ್ಸೆ ಬೇಕಾಗಬಹುದು. ಆದ್ದರಿಂದ ವೈದ್ಯರು ಸೂಚಿಸಿದ ಮರುತಪಾಸಣೆಗಳನ್ನು ತಪ್ಪಿಸಬಾರದು.

12. ಸೂಚನೆ

ಈ ಪುಟದಲ್ಲಿನ ಮಾಹಿತಿಯು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ಇರುತ್ತದೆ. ಇದು ವೈದ್ಯರ ಪರೀಕ್ಷೆ ಮತ್ತು ಸಲಹೆಗೆ ಬದಲಿಯಲ್ಲ. ಮಗುವಿನಲ್ಲಿ ಫಿಟ್ಸ್, ಗೊಂದಲ, ಅತಿಯಾದ ಮಂಪರು, ದೃಷ್ಟಿ ಮಂದತೆ, ಮುಖ ಸೊಟ್ಟಗಾಗುವಿಕೆ ಅಥವಾ ಕೈಕಾಲುಗಳ ನಿಶ್ಶಕ್ತಿ ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ಕರೆದೊಯ್ದು, ಬೆಕ್ಕಿನ ಸಂಪರ್ಕವಿದ್ದಲ್ಲಿ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕೆಂದು ಎಲ್ಲ ಪೋಷಕರಲ್ಲಿ ಈ ಮೂಲಕ ಕೋರಲಾಗಿದೆ.